ಎಲೆಗೊಂದು ಇಸ್ತ್ರಿ
ಅಕ್ಟೋಬರ್ ಬಂತೆಂದರೆ ಇಂಗ್ಲೆಂಡಿನ ನರ್ಸರಿ ಮಕ್ಕಳ ಜೇಬಿನ ತುಂಬ ಮೇಪಲ್, ಓಕ್, ಬೀಚ್ ಎಲೆಗಳು. ಜೊತೆಗೊಂದು ಬಡಪಾಯಿ ಹುಳು. ಪತ್ರಹರಿತ್ತು ಕರಗಿ, ಅದರ ಹಿಂದೆ ಅಡಗಿದ್ದ ಹಳದಿ ಮುಖ ತೋರಿಸುವ ವೈಭವವಿದು. ಗೋಡೆಗೆ ಅಂಟಿಸಿದ ನಾಲ್ಕೇ ದಿನಕ್ಕೆ ಮಾತ್ರ ಸುಟ್ಟ ಹಪ್ಪಳ! ಹಾಗಾಗಿ ಟೀಚರಮ್ಮ ಎಲೆಗಳನ್ನು ದಪ್ಪ ಪುಸ್ತಕದೊಳಗೆ ಒತ್ತಿಟ್ಟು, ಆಮೇಲೆ ಮೇಣದ ಕಾಗದದ ನಡುವೆ ಇಸ್ತ್ರಿ ಹಾಕುತ್ತಾರೆ. ಅವರ ಕೋಟಿಗೂ ಸಿಗದ ಮರ್ಯಾದೆ. ಕೆಲವರು ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ನೀರು ಬೆರೆಸಿ ನೆನೆಹಾಕುವುದೂ ಉಂಟು. ಎಲೆ ಮೆತ್ತಗೇನೋ ಉಳಿಯುತ್ತದೆ, ಬಣ್ಣ ಕಂದುತ್ತದೆ. ಲ್ಯಾಮಿನೇಟ್ ಮಾಡೋಣವೇ? ಎಲೆ ಸರಿಯಾಗಿ ಒಣಗಿರದಿದ್ದರೆ ಒಳಗೇ ಬೂಸ್ಟು. ನನ್ನ ಓಟು ಇಸ್ತ್ರಿಗೇ.

ಇಷ್ಟೆಲ್ಲ ಆದಮೇಲೆ ನಾಲ್ಕು ವರ್ಷದ ಪೋರನೊಬ್ಬ ಬಂದು ಎಲೆಯನ್ನು ಹಿಸುಕಿ ನೋಡಿ ದೂರುತ್ತಾನೆ: “ಮಿಸ್, ಇದು ಕೆಟ್ಟುಹೋಗಿದೆ. ಕರಕರ ಅನ್ನೋದೇ ಇಲ್ಲ!”