ಮೆಕ್ಯಾಫ್ರಿಯ ಹಿಮ್ಮಡಿ, ಲೋಕದ ಚಿಂತೆ

ಆಗಸ್ಟ್ ಬಂತೆಂದರೆ ಅಮೆರಿಕದಲ್ಲಿ ಕೋಟ್ಯಂತರ ಮಂದಿ ರಾತ್ರೋರಾತ್ರಿ ಮೂಳೆ ಡಾಕ್ಟರಾಗುತ್ತಾರೆ. ಮೀನಖಂಡ, ಮಂಡಿಯ ಲಿಗಮೆಂಟು, ಹಿಮ್ಮಡಿಯ ನರ, ಯಾವುದು ಎಷ್ಟು ವಾರಕ್ಕೆ ವಾಸಿಯಾಗುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಸ್ವಂತ ಅಪ್ಪನ ಮಂಡಿನೋವಿಗೆ ‘ವಯಸ್ಸಾಯ್ತಲ್ಲ’ ಎಂದು ಕೈತೊಳೆದುಕೊಂಡವರು, ಮುಖ ಕಂಡರಿಯದ, ಚೆಂಡು ಹೊತ್ತು ಓಡುವ ಒಬ್ಬ ರನ್ನಿಂಗ್ ಬ್ಯಾಕ್‌ನ ಎಂಆರ್‌ಐ ವರದಿಗಾಗಿ ಮೀಟಿಂಗಿನ ನಡುವೆ ಹತ್ತು ಸಲ ಫೋನು ತೆಗೆದು ನೋಡುತ್ತಾರೆ. ಈ ಕರುಣೆಗೆ ಫ್ಯಾಂಟಸಿ ಫುಟ್‌ಬಾಲ್ ಎಂದು ಹೆಸರು.

ಡ್ರೀಮ್ ಇಲೆವೆನ್ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ಆಡಿದವರಿಗೆ ಎಂದೆ. 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಬಾಗಿಲು ಹಾಕಿಸಿದ ಮೇಲೆ ‘ಆಡುವವರಿಗೆ’ ಎನ್ನುವ ಧೈರ್ಯ ನನಗಿಲ್ಲ.) ಅಮೆರಿಕದ ಪದ್ಧತಿ ತುಸು ಬೇರೆ. ಹತ್ತು ಹನ್ನೆರಡು ಗೆಳೆಯರು ಸೇರಿ ಒಂದು ಲೀಗ್ ಕಟ್ಟಿಕೊಳ್ಳುತ್ತಾರೆ. ಸೀಸನ್ ಶುರುವಾಗುವ ಮುಂಚೆ ಡ್ರಾಫ್ಟ್ ನಡೆಸಿ, ಸರದಿಯಂತೆ ಒಬ್ಬೊಬ್ಬ ಆಟಗಾರನನ್ನು ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡವನು ಅಂದಿನಿಂದ ‘ಒಡೆಯ’. ಆಟಗಾರ ಚೆಂಡು ಹಿಡಿದು ಹತ್ತು ಯಾರ್ಡ್ ಓಡಿದರೆ ಒಡೆಯನಿಗೆ ಒಂದು ಅಂಕ, ಎದುರಾಳಿಯ ಕೊನೆಗೆರೆ ದಾಟಿ ಟಚ್‌ಡೌನ್ ಮಾಡಿದರೆ ಆರು. ಬಹಳಷ್ಟು ಲೀಗುಗಳಲ್ಲಿ ಪಾಸ್ ಹಿಡಿದದ್ದಕ್ಕೂ ಅರ್ಧವೋ ಒಂದೋ ಅಂಕ. ನಿಜವಾದ ತಂಡ ಗೆದ್ದರೆ ಎಷ್ಟು? ಸೊನ್ನೆ. ಸೋತರೆ? ಅದಕ್ಕೂ ಸೊನ್ನೆ. ಆಟದೊಳಗಿನಿಂದ ಸೋಲುಗೆಲುವನ್ನು ಇಷ್ಟು ಅಚ್ಚುಕಟ್ಟಾಗಿ ಸುಲಿದು ತೆಗೆದವರು ಜಗತ್ತಿನಲ್ಲಿ ಬೇರೆ ಯಾರೂ ಇರಲಾರರು.

ಡ್ರಾಫ್ಟಿಗೆ ಮುಂಚೆ ಬರುವುದು ಮುನ್ನೋಟದ ಸುಗ್ಗಿ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಮೂವತ್ತೆರಡು ತಂಡಗಳ ಆಕ್ರಮಣ ಪಡೆಯ ಒಬ್ಬೊಬ್ಬನೂ ಈ ಸಲ ಎಷ್ಟು ಯಾರ್ಡ್ ಓಡುತ್ತಾನೆ, ಎಷ್ಟು ಟಚ್‌ಡೌನ್ ಮಾಡುತ್ತಾನೆ ಎಂದು ಪಂಡಿತರು ದಶಾಂಶ ಬಿಂದುವಿನ ಸಮೇತ ಬರೆದುಕೊಡುತ್ತಾರೆ. ಆ ದಶಾಂಶಕ್ಕೆ ನಾನು ತಲೆಬಾಗುತ್ತೇನೆ. ಮಂಡಿ ಮುರಿಯುತ್ತದೋ ಇಲ್ಲವೋ ಗೊತ್ತಿಲ್ಲ, ಆದರೆ ಮುರಿಯದಿದ್ದರೆ 17.4 ಅಂಕ, 17.3 ಅಲ್ಲ.

ಎಲ್ಲ ತಂಡಗಳ ಪುರಾಣ ಹೇಳಲು ಜಾಗವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಒಂದೇ ಸಾಕು. ಹೆಸರು ಸ್ಯಾನ್ ಫ್ರಾನ್ಸಿಸ್ಕೊದ್ದು, ಆಡುವುದು ಸಾಂತಾ ಕ್ಲಾರಾದಲ್ಲಿ. ಆ ಊರಿನ, ಪಕ್ಕದ ಸನ್ನಿವೇಲಿನ ದಿನಸಿ ಅಂಗಡಿಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ. ಹಾಗಾಗಿ ಅಲ್ಲಿನ ಆಫೀಸ್ ಲೀಗುಗಳಲ್ಲಿ ಹುಬ್ಬಳ್ಳಿ, ಹಾಸನದ ಒಡೆಯರೂ ಸಾಕಷ್ಟಿದ್ದಾರೆ. ಕ್ರೀಡಾಂಗಣ ಕೂಗಳತೆಯಲ್ಲಿದ್ದರೂ ಟಿಕೆಟ್ ದರ ನೋಡಿ ಒಳಗೆ ಕಾಲಿಡದವರು, ಆ ತಂಡದ ರನ್ನಿಂಗ್ ಬ್ಯಾಕ್‌ಗೆ ಮಾತ್ರ ವಿಧಿವತ್ತಾಗಿ ಒಡೆಯರು.

ಘಾಟಿಯ ದನದ ಜಾತ್ರೆಯಲ್ಲಿ ರೈತ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೇ ಎಂದು ಕಣ್ಣಿಡುತ್ತಾನೆ. ದುಡ್ಡು ಅವನದು, ಹೊಲ ಅವನದು, ಕೊಂಡದ್ದು ಕುಂಟಿದರೆ ವರ್ಷವಿಡೀ ಅನುಭವಿಸುವವನೂ ಅವನೇ. ಮುನ್ನೋಟದ ಪಂಡಿತ ಹಲ್ಲು ಎಣಿಸುವುದರಲ್ಲಿ ರೈತನಿಗೇನೂ ಕಮ್ಮಿಯಿಲ್ಲ. ಹೊಲ ಮಾತ್ರ ಇನ್ನೊಬ್ಬರದು.

2023ರಲ್ಲಿ ಈ ಫಾರ್ಟಿನೈನರ್ಸ್ ತಂಡದ ರನ್ನಿಂಗ್ ಬ್ಯಾಕ್ ಕ್ರಿಶ್ಚಿಯನ್ ಮೆಕ್ಯಾಫ್ರಿ ಓಡಿ 1,459 ಯಾರ್ಡ್, ಪಾಸ್ ಹಿಡಿದು 564 ಯಾರ್ಡ್, ಒಟ್ಟು 21 ಟಚ್‌ಡೌನ್ ಮಾಡಿದ. ಆ ವರ್ಷದ ಅತ್ಯುತ್ತಮ ಆಕ್ರಮಣ ಆಟಗಾರನೆಂಬ ಪ್ರಶಸ್ತಿಯೂ ಬಂತು. ಸರಿ, 2024ರ ಆಗಸ್ಟಿನಲ್ಲಿ ಪಂಡಿತರಿಗೆ ಅನುಮಾನವೇ ಇರಲಿಲ್ಲ: ಮೊದಲ ಸರದಿ ಸಿಕ್ಕವನು ಕಣ್ಣು ಮುಚ್ಚಿಕೊಂಡು ಮೆಕ್ಯಾಫ್ರಿಯನ್ನು ಎತ್ತಿಕೊಳ್ಳಬೇಕು. ಕಣ್ಣು ಮುಚ್ಚಿಕೊಳ್ಳುವ ಸಲಹೆಯಂತೂ ಸರಿಯಾಗಿಯೇ ಇತ್ತು. ಅಭ್ಯಾಸ ಶಿಬಿರದಲ್ಲಿ ಅವನ ಮೀನಖಂಡ ನೋಯುತ್ತಿತ್ತು. ಆಮೇಲೆ ಎರಡೂ ಹಿಮ್ಮಡಿಯ ಅಕಿಲಿಸ್ ನೋವು ಎಂದಾಯಿತು, ಚಿಕಿತ್ಸೆಗೆ ಜರ್ಮನಿಗೆ ಹೋಗಿಬಂದ. ನವೆಂಬರಿನಲ್ಲಿ ಕಣಕ್ಕಿಳಿದು, ಡಿಸೆಂಬರ್ ಒಂದರಂದು ಬಫಲೊ ಊರಿನ ಹಿಮದಲ್ಲಿ ಮಂಡಿ ಪೆಟ್ಟುಮಾಡಿಕೊಂಡು ಮನೆಗೆ ನಡೆದ. ಇಡೀ ಸೀಸನ್ನಿನಲ್ಲಿ ಆಡಿದ್ದು 4 ಪಂದ್ಯ, ಓಡಿದ್ದು 202 ಯಾರ್ಡ್, ಟಚ್‌ಡೌನ್ ಒಂದೂ ಇಲ್ಲ.

ಮೊದಲ ಪಂದ್ಯದ ಕಥೆ ಇನ್ನೂ ಸೊಗಸು. ಸೋಮವಾರ ರಾತ್ರಿ ನ್ಯೂಯಾರ್ಕ್ ಜೆಟ್ಸ್ ಎದುರಿನ ಆಟ. ಮೆಕ್ಯಾಫ್ರಿಯ ಹೆಸರಿನ ಮುಂದೆ ‘ಸಂದೇಹ’ ಎಂಬ ಮುದ್ರೆ. ಆಡುತ್ತಾನೆ, ಆಡುವುದಿಲ್ಲ, ಅರ್ಧ ಆಡುತ್ತಾನೆ ಎಂದು ಮೂರು ದಿನ ಪಂಡಿತರ ಬಾಯಿಗೆ ಬಿಡುವಿಲ್ಲ. ಆಟಕ್ಕೆ ತುಸು ಮುಂಚೆ ಅವನಿಲ್ಲ ಎಂದು ಗೊತ್ತಾಯಿತು. ಅವನ ಜಾಗದಲ್ಲಿ ಓಡಿದವನು ಜಾರ್ಡನ್ ಮೇಸನ್, ಎನ್‌ಎಫ್‌ಎಲ್ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ 2022ರ ಡ್ರಾಫ್ಟಿನ ಏಳೂ ಸುತ್ತುಗಳಲ್ಲಿ ಯಾರೂ ಕೊಳ್ಳದೆ ಬಿಟ್ಟ ಹುಡುಗ. 28 ಸಲ ಚೆಂಡು ಹೊತ್ತು 147 ಯಾರ್ಡ್ ಓಡಿದ. ಆಟ ಮುಗಿದ ಮೇಲೆ ಟಿ.ವಿ.ಯವರು ಕೇಳಿದರೆ, ತಾನೇ ಆಡುವುದೆಂದು ಶುಕ್ರವಾರವೇ ತಿಳಿದಿತ್ತು ಎಂದುಬಿಟ್ಟ! ಸತ್ಯ ಅಷ್ಟು ಸಲೀಸಾಗಿ ಬಾಯಿಂದ ಜಾರಬಾರದು ಎಂದು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಶುಕ್ರವಾರದಿಂದ ಸೋಮವಾರದವರೆಗೆ ಹರಿದ ಪಾಂಡಿತ್ಯವನ್ನೆಲ್ಲ ಎಲ್ಲಿಗೆ ಸುರಿದರೋ ತಿಳಿಯದು.

ಉಳಿದವರ ಗತಿಯೂ ಅಷ್ಟೆ. ಪಾಸ್ ಹಿಡಿಯುವ ರಿಸೀವರ್ ಬ್ರ್ಯಾಂಡನ್ ಅಯ್ಯುಕ್ 2024ರ ಬೇಸಿಗೆಯಿಡೀ ಸಂಬಳಕ್ಕಾಗಿ ಮುನಿಸಿಕೊಂಡು, ಆಗಸ್ಟ್ ಕೊನೆಗೆ ನಾಲ್ಕು ವರ್ಷಕ್ಕೆ 12 ಕೋಟಿ ಡಾಲರಿನ ಕರಾರಿಗೆ ಸಹಿ ಹಾಕಿದ. ಅಕ್ಟೋಬರಿನಲ್ಲಿ ಮಂಡಿ ಹರಿದುಕೊಂಡ. ಇನ್ನೊಬ್ಬ ರಿಸೀವರ್ ಡೀಬೊ ಸ್ಯಾಮ್ಯುಯಲ್ 2021ರಲ್ಲಿ ಹಿಡಿದೂ ಓಡಿಯೂ 14 ಟಚ್‌ಡೌನ್ ಮಾಡಿದ್ದ ಎಂಬ ನೆನಪಿನ ಮೇಲೆಯೇ ಮೂರು ವರ್ಷ ಮುನ್ನೋಟದಲ್ಲಿ ಮೆರೆದ. 2025ರ ಮಾರ್ಚಿನಲ್ಲಿ ತಂಡ ಅವನನ್ನು ವಾಷಿಂಗ್ಟನ್‌ಗೆ ಕೊಟ್ಟು ಪಡೆದದ್ದು ಐದನೇ ಸುತ್ತಿನ ಒಂದು ಆಯ್ಕೆ. ಟೈಟ್ ಎಂಡ್ ಜಾರ್ಜ್ ಕಿಟಲ್ ಒಬ್ಬ 2024ರಲ್ಲಿ ಮಾನ ಉಳಿಸಿದ, 1,106 ಯಾರ್ಡ್, 8 ಟಚ್‌ಡೌನ್. ಅವನಿಗೆ ವಯಸ್ಸಾಯಿತು ಎಂದು ಬರೆದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

2024ರ ಸೆಪ್ಟೆಂಬರ್ 22ರಂದು ಲಾಸ್ ಏಂಜಲಿಸ್ ರ‍್ಯಾಮ್ಸ್ ಎದುರು ಮೆಕ್ಯಾಫ್ರಿ ಇಲ್ಲ, ಸ್ಯಾಮ್ಯುಯಲ್ ಇಲ್ಲ, ಕಿಟಲ್ ಇಲ್ಲ. ಆಗ ಜುವಾನ್ ಜೆನಿಂಗ್ಸ್ ಎಂಬ ಏಳನೇ ಸುತ್ತಿನ ಹುಡುಗ ಹನ್ನೊಂದು ಪಾಸ್ ಹಿಡಿದು 175 ಯಾರ್ಡ್, 3 ಟಚ್‌ಡೌನ್ ಮಾಡಿದ. ತಂಡ 27–24ರಿಂದ ಸೋತಿತು. ಆದರೆ ಒಡೆಯರ ದುಃಖ ಅದಲ್ಲ. ಬಹುಪಾಲು ಲೀಗುಗಳಲ್ಲಿ ಜೆನಿಂಗ್ಸ್‌ಗೆ ಒಡೆಯನೇ ಇರಲಿಲ್ಲ. ಅಷ್ಟೂ ಅಂಕ ಅನಾಥವಾಗಿ ಚರಂಡಿಗೆ ಹರಿಯಿತು. ಮಾರನೇ ದಿನ ಪಂಡಿತರೆಲ್ಲ ಒಕ್ಕೊರಲಿನಿಂದ ಜೆನಿಂಗ್ಸನ್ನು ಕೂಡಲೇ ಎತ್ತಿಕೊಳ್ಳಿ ಎಂದರು. ಬಸ್ಸು ಹೋದ ಮೇಲೆ ಅದರ ನಂಬರ್ ಹೇಳುವ ಈ ಸೇವೆ ಉಚಿತವಲ್ಲ, ಅನೇಕ ಕಡೆ ತಿಂಗಳ ಚಂದಾ ಇದೆ.

ಹಾಗೆಂದು ಇದೆಲ್ಲ ಬರೀ ದುರದೃಷ್ಟವೇ? ಅಲ್ಲ. ಫಾರ್ಟಿನೈನರ್ಸ್ ಕೋಚಿನ ಮನೆತನದ ಚರಿತ್ರೆ ಓದಿದ್ದರೆ ಸಾಕಿತ್ತು. ಕೋಚ್ ಕೈಲ್ ಶ್ಯಾನಹ್ಯಾನ್‌ನ ತಂದೆ ಮೈಕ್ ಶ್ಯಾನಹ್ಯಾನ್ ಡೆನ್ವರ್ ತಂಡದ ಕೋಚ್ ಆಗಿದ್ದವರು. ಅಲ್ಲಿ 1998ರಲ್ಲಿ ಟೆರೆಲ್ ಡೇವಿಸ್ 2,008 ಯಾರ್ಡ್ ಓಡಿದ. ಮರುವರ್ಷ ಅವನ ಮಂಡಿ ಹೋಯಿತು. ಒಲಾಂಡಿಸ್ ಗ್ಯಾರಿ ಬಂದು 1,159 ಓಡಿದ. ಅದರ ಮರುವರ್ಷ ಮೈಕ್ ಆ್ಯಂಡರ್ಸನ್ ಎಂಬ ಮಾಜಿ ಮರೀನ್ ಯೋಧ ಬಂದು 1,487. ಡೇವಿಸ್, ಆ್ಯಂಡರ್ಸನ್ ಇಬ್ಬರೂ ಆರನೇ ಸುತ್ತಿನವರು. ಮಗ ಅಪ್ಪನನ್ನೂ ಮೀರಿಸಿದ. ಆರು ತಂಡಗಳು ಕೈಬಿಟ್ಟಿದ್ದ ರಹೀಮ್ ಮೋಸ್ಟರ್ಟ್, 2020ರ ಜನವರಿಯಲ್ಲಿ ಗ್ರೀನ್ ಬೇ ಎದುರು ಒಂದೇ ಪಂದ್ಯದಲ್ಲಿ 220 ಯಾರ್ಡ್, 4 ಟಚ್‌ಡೌನ್ ಮಾಡಿ ತಂಡವನ್ನು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಯ್ದ. 2021ರಲ್ಲಿ ಮೂರನೇ ಸುತ್ತಿನಲ್ಲಿ ಕೊಂಡ ಟ್ರೇ ಸರ್ಮನ್‌ನನ್ನು ಪಂಡಿತರು ಹೊತ್ತು ಮೆರೆಸಿದರು. ಮೊದಲ ಪಂದ್ಯಕ್ಕೆ ಶ್ಯಾನಹ್ಯಾನ್ ಅವನಿಗೆ ಆಡುವ ಬಟ್ಟೆಯನ್ನೇ ತೊಡಿಸಲಿಲ್ಲ. ಆರನೇ ಸುತ್ತಿನ ಎಲೈಜಾ ಮಿಚೆಲ್ 104 ಯಾರ್ಡ್ ಓಡಿದ.

ಇಷ್ಟು ವರ್ಷಗಳ ಈ ಸಾಕ್ಷ್ಯ ಹೇಳುವುದು ಒಂದೇ. ಯಾರ್ಡ್ ಹುಟ್ಟುವುದು ಓಡುವವನ ಕಾಲಿನಲ್ಲಿ ಮಾತ್ರವಲ್ಲ. ಅವನ ಮುಂದೆ ದಾರಿ ಬಿಡಿಸುವ ಐದು ಮಂದಿಯ ಭುಜದಲ್ಲಿ, ಮತ್ತು ಯಾರು ಯಾವ ಕಡೆ ಜರುಗಬೇಕು ಎಂದು ಗೆರೆ ಎಳೆದುಕೊಟ್ಟ ಕೋಚಿನ ತಲೆಯಲ್ಲಿ. ಮೆಕ್ಯಾಫ್ರಿ ಅಸಾಮಾನ್ಯ ಆಟಗಾರ, ಆ ಮಾತು ಬೇರೆ. ಆದರೆ ಆ ಐವರಿದ್ದರೆ ಮೇಸನ್ನೂ 147 ಓಡುತ್ತಾನೆ.

ಈಗ ಫ್ಯಾಂಟಸಿ ಅಂಗಡಿಯಲ್ಲಿ ಏನೇನು ಸಿಗುತ್ತದೆ ನೋಡಿ. ಕ್ವಾರ್ಟರ್‌ಬ್ಯಾಕ್ ಸಿಗುತ್ತಾನೆ, ರನ್ನಿಂಗ್ ಬ್ಯಾಕ್ ಸಿಗುತ್ತಾನೆ, ರಿಸೀವರ್, ಟೈಟ್ ಎಂಡ್ ಸಿಗುತ್ತಾರೆ. ಮೈದಾನಕ್ಕೆ ಅತಿಥಿಯಂತೆ ಬಂದು ಚೆಂಡು ಒದ್ದು ಹೋಗುವ ಕಿಕ್ಕರ್‌ಗೂ ಒಂದು ಜಾಗವಿದೆ. ಆಕ್ರಮಣ ಪಡೆಯ ಹನ್ನೊಂದರಲ್ಲಿ ಐವರಾದ, ದಾರಿ ಬಿಡಿಸುವ ಆ ಲೈನ್‌ಮನ್ನರಿಗೆ ಮಾತ್ರ ಜಾಗವಿಲ್ಲ. ಫಾರ್ಟಿನೈನರ್ಸ್‌ನ ಟ್ರೆಂಟ್ ವಿಲಿಯಮ್ಸ್ ತನ್ನ ಕಾಲದ ಅತಿ ದೊಡ್ಡ ಲೆಫ್ಟ್ ಟ್ಯಾಕಲ್‌ಗಳಲ್ಲಿ ಒಬ್ಬ. 2021ರಲ್ಲಿ ತಂಡ ಆರು ವರ್ಷಕ್ಕೆ 13.8 ಕೋಟಿ ಡಾಲರಿನ ಕರಾರು ಮಾಡಿಕೊಂಡದ್ದು ಅವನ ಅಂದ ನೋಡಿ ಅಲ್ಲ. ಫ್ಯಾಂಟಸಿಯಲ್ಲಿ ಅವನನ್ನು ಪುಕ್ಕಟೆ ಕೊಡುತ್ತೇನೆಂದರೂ ತೆಗೆದುಕೊಳ್ಳುವ ವ್ಯವಸ್ಥೆಯಿಲ್ಲ. ಹೀಗೆ, ಅಂಕ ಹುಟ್ಟಿಸುವವರನ್ನು ಪಟ್ಟಿಯಿಂದ ಹೊರಗಿಟ್ಟು, ಅಂಕ ಹೊತ್ತು ತರುವವರ ಭವಿಷ್ಯವನ್ನು ದಶಾಂಶದಲ್ಲಿ ಹೇಳುವ ವಿದ್ಯೆ ಇದು. ತಪ್ಪದೆ ಇನ್ನೇನಾದೀತು?

ತಪ್ಪುವುದಕ್ಕೆ ನನ್ನ ತಕರಾರಿಲ್ಲ. ತಪ್ಪಿದ್ದಕ್ಕೆ ಲೆಕ್ಕ ಒಪ್ಪಿಸುವವರಿಲ್ಲ, ಅದು ತಕರಾರು. ಈ ಆಟ ಹುಟ್ಟಿದಾಗ ಹೀಗಿರಲಿಲ್ಲ. 1962ರಲ್ಲಿ ಓಕ್ಲೆಂಡ್ ರೈಡರ್ಸ್‌ನ ಪಾಲುದಾರ ಬಿಲ್ ವಿಂಕೆನ್‌ಬಾಕ್, ತಂಡ ಪೂರ್ವದ ಊರುಗಳ ಪ್ರವಾಸದಲ್ಲಿದ್ದಾಗ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಗೆಳೆಯರೊಂದಿಗೆ ಕೂತು ನಿಯಮ ಬರೆದ. ಮರುವರ್ಷ ಓಕ್ಲೆಂಡಿನ ಅವನ ಮನೆಯಲ್ಲೇ ಮೊದಲ ಡ್ರಾಫ್ಟ್. ಇಂದಿನ ಸಾಂತಾ ಕ್ಲಾರಾದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರ. ಆ ಲೀಗಿನಲ್ಲಿ ಕೊನೆಗೆ ಉಳಿದವನಿಗೆ ದಡ್ಡನ ಟೋಪಿ ತೊಟ್ಟ ಫುಟ್‌ಬಾಲಿನ ಟ್ರೋಫಿ ಕೊಡುತ್ತಿದ್ದರು. ಆಡಿದವನು ಮರ್ಯಾದೆ ಪಣಕ್ಕಿಟ್ಟು ಆಡುತ್ತಿದ್ದ. ಈಗ ದಡ್ಡನ ಟೋಪಿ ಒಡೆಯನ ತಲೆಗೆ, ಚಂದಾ ಹಣ ಪಂಡಿತನ ಜೇಬಿಗೆ.

2025ರ ಆಗಸ್ಟಿನಲ್ಲಿ ಅದೇ ಪಂಡಿತರು ಅದೇ ಮುಖ ಹೊತ್ತು ಬಂದರು. ಮೆಕ್ಯಾಫ್ರಿಗೆ ಇಪ್ಪತ್ತೊಂಬತ್ತಾಯಿತು, ಹಿಮ್ಮಡಿ ನಂಬುವಂತಿಲ್ಲ, ಹುಷಾರು ಎಂದರು. ಅವನು ಹದಿನೇಳಕ್ಕೆ ಹದಿನೇಳು ಪಂದ್ಯವನ್ನೂ ಆಡಿ, ಓಟ ಮತ್ತು ಹಿಡಿತ ಸೇರಿಸಿ ಮತ್ತೆ ಎರಡು ಸಾವಿರ ಯಾರ್ಡ್ ದಾಟಿದ. ನಂಬಿ ಎಂದಾಗ ಮುಳುಗಿಸಿದ, ನಂಬಬೇಡಿ ಎಂದಾಗ ತೇಲಿಸಿದ. ಪಂಡಿತರ ಮೇಲೆ ಅವನಿಗೆ ಏನಾದರೂ ಹಳೆಯ ಸಿಟ್ಟಿದೆಯೇ ಎಂದು ಒಮ್ಮೊಮ್ಮೆ ನನಗೆ ಅನುಮಾನ.

ಸನ್ನಿವೇಲಿನಲ್ಲೋ ಡಲ್ಲಾಸಿನಲ್ಲೋ ಇರುವ ಕನ್ನಡದ ಒಡೆಯರೇ, ಮುಂದಿನ ಆಗಸ್ಟಿನಲ್ಲಿ ಯಾರಾದರೂ ನಿಮ್ಮ ಕೈಗೆ ಹೊಸ ಮುನ್ನೋಟದ ಪಟ್ಟಿ ಕೊಟ್ಟರೆ ಬೇಡವೆನ್ನಬೇಡಿ. ಅದನ್ನು ಬಿಡಿಸುವ ಮುಂಚೆ, ಹೋದ ವರ್ಷದ ಪಟ್ಟಿಯನ್ನೊಮ್ಮೆ ತೋರಿಸಿ ಎಂದು ಮಾತ್ರ ಕೇಳಿ.