ಡ್ರಾಕುಲಾನ ಕೀಟಾವತಾರ

ಪಾಳುಬಿದ್ದ ಕೋಟೆ, ಎಣ್ಣೆ ಕಾಣದ ಬಾಗಿಲು, ಸತ್ತರೂ ಸಾಯದ ಹಿರಿಯರು, ಇವೆಲ್ಲವನ್ನೂ ಕಂಡ ಮೇಲೂ ಊರಿಗೆ ಹಿಂದಿರುಗುವ ಬುದ್ಧಿ ಬಾರದ ಒಬ್ಬ ಅತಿಥಿ: ಇಷ್ಟು ಸಾಮಗ್ರಿಯಿಂದ ಕಟ್ಟಿದ ಭಯದ ಕಥೆಯನ್ನು ಪಾಶ್ಚಾತ್ಯ ವಿಮರ್ಶೆ ಗೋಥಿಕ್ ಎಂದು ಕರೆಯುತ್ತದೆ. 1764ರಲ್ಲಿ ಹೊರೇಸ್ ವಾಲ್ಪೋಲರ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿಯಿಂದ ಮೊದಲಾದ ಈ ವಂಶದಲ್ಲಿ ಅತಿ ಹೆಚ್ಚು ಹೆಸರು ಮಾಡಿದ ಕುಡಿ 1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರರ ‘ಡ್ರಾಕುಲಾ’. ಸಿನಿಮಾ ನಿರ್ಮಾಪಕರು ಅದರ ಕಥಾನಾಯಕ, ರಕ್ತ ಹೀರುವ ಕೌಂಟ್ ಡ್ರಾಕುಲಾನ ರಕ್ತವನ್ನು ಹೀರಿದಷ್ಟು ಅವನು ಬೇರೆಯವರ ರಕ್ತವನ್ನು ಹೀರಿರಲಾರನು. ಈ ಪರಂಪರೆಯಲ್ಲಿ ಇಟಲಿಯ ಡಾರಿಯೊ ಅರ್ಜೆಂಟೊ ನಿರ್ದೇಶಿಸಿದ, 2012ರ ಕಾನ್ ಚಿತ್ರೋತ್ಸವದಲ್ಲಿ ಸ್ಪರ್ಧೆಯ ಹೊರಗೆ ಪ್ರದರ್ಶನಗೊಂಡ ‘ಡ್ರಾಕುಲಾ ತ್ರೀಡಿ’ಗೆ ಒಂದು ವಿಶೇಷ ಸ್ಥಾನವಿದ್ದು, ಆ ಸ್ಥಾನ ಮೇಲಿನಿಂದ ಎಣಿಸಿದರೆ ಬೇಗ ಸಿಗುವಂಥದ್ದಲ್ಲ.

ನಿರೀಕ್ಷೆಗೆ ಕಾರಣವಿಲ್ಲದಿರಲಿಲ್ಲ. ಕೆಂಪು ಮತ್ತು ನೀಲಿ ಬೆಳಕಿನಿಂದಲೇ ನೋಡುಗರನ್ನು ನಡುಗಿಸಿದ ‘ಸಸ್ಪೀರಿಯಾ’ (1977) ಇದೇ ಅರ್ಜೆಂಟೊ ಅವರದು. ಅದಕ್ಕೆ ಕ್ಯಾಮೆರಾ ಹಿಡಿದ ಲುಚಾನೊ ತೊವೋಲಿ ಇಲ್ಲಿಯೂ ಇದ್ದಾರೆ, ಅದರ ಸಂಗೀತದಲ್ಲಿ ಪಾಲಿದ್ದ ಕ್ಲೌಡಿಯೊ ಸಿಮೊನೆಟ್ಟಿಯೂ ಇದ್ದಾರೆ. ಆದರೆ 1998ರಲ್ಲಿ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ವನ್ನು ತೆರೆಗೆ ತಂದಾಗ, ಮುಖವಾಡವೇ ಗುರುತಾದ ಆ ನಾಯಕನ ಮುಖವಾಡವನ್ನು ಕಿತ್ತೆಸೆದು ಅವನನ್ನು ಇಲಿಗಳ ಸಾಕುಮಗನನ್ನಾಗಿ ಮಾಡಿದ್ದೂ ಇವರೇ ಎಂಬುದನ್ನು ಅಭಿಮಾನಿಗಳು ಮರೆಯಬಾರದಿತ್ತು.

ಲಂಡನ್ನಿನ ಲೈಸಿಯಂ ಥಿಯೇಟರಿನ ವ್ಯವಸ್ಥಾಪಕರಾಗಿ ರಂಗಭೂಮಿಯ ಒಳಹೊರಗನ್ನು ಬಲ್ಲ ಸ್ಟೋಕರ್, ಯಕ್ಷಗಾನದ ಬಣ್ಣದ ವೇಷವನ್ನು ತೆರೆಯ ಹಿಂದೆ ಆರ್ಭಟಿಸಲು ಬಿಟ್ಟು ನೋಡುಗರ ಎದೆಯನ್ನು ಹದಗೊಳಿಸುವ ಭಾಗವತರಂತೆ, ಮೊದಲ ನಾಲ್ಕು ಅಧ್ಯಾಯಗಳ ಬಳಿಕ ಕೌಂಟನನ್ನು ಬಹುಪಾಲು ಮರೆಯಲ್ಲಿಯೇ ಇರಿಸಿ, ದಿನಚರಿ, ಪತ್ರ, ತಂತಿ ಮತ್ತು ಪತ್ರಿಕಾ ವರದಿಗಳ ಮೂಲಕ ಕಥೆಯನ್ನು ನಡೆಸಿದರು. ಶೃಂಗಾರದಲ್ಲಿಯೂ ಅವರದು ಇದೇ ಜಿಪುಣತನ. ಮೂರನೆಯ ಅಧ್ಯಾಯದಲ್ಲಿ ಮೂವರು ರಕ್ತಪಿಪಾಸು ಸ್ತ್ರೀಯರು ಕೌಂಟನ ಕೋಟೆಗೆ ಬಂದ ಅತಿಥಿ ಜೊನಾಥನ್ ಹಾರ್ಕರನನ್ನು ಸುತ್ತುವರಿದಾಗ, ಅವರಲ್ಲೊಬ್ಬಳ ಹಲ್ಲಿನ ಮೊನೆ ಅವನ ಕೊರಳನ್ನು ತಾಕಿ ಅಲ್ಲಿಯೇ ನಿಲ್ಲುತ್ತದೆ. ಅವನು ಹೆದರಿಕೆ ಮತ್ತು ಆಸೆ ಎರಡರಿಂದಲೂ ಕಣ್ಣು ಮುಚ್ಚಿ ಕಾಯುತ್ತಾನೆ. ಅಷ್ಟರಲ್ಲಿ ಕೌಂಟ್ ನುಗ್ಗಿ ಎಲ್ಲವನ್ನೂ ಕೆಡಿಸುತ್ತಾನೆ. ಆಗಬೇಕಾದದ್ದು ಆಗಲಿಲ್ಲವೆಂಬ ಕಾರಣದಿಂದಲೇ ಆ ಪುಟ ಇಂದಿಗೂ ಬಿಸಿಯಾಗಿದೆ. ಅರ್ಜೆಂಟೊ ಅವರಿಗೆ ಇಷ್ಟು ತಾಳ್ಮೆಯಿಲ್ಲದ್ದರಿಂದ, ಚಿತ್ರದ ಆರಂಭದಲ್ಲಿಯೇ ಹಳ್ಳಿಯ ಹುಡುಗಿಯೊಬ್ಬಳು ಪ್ರಿಯಕರನೊಡನೆ ಬಟ್ಟೆ ಕಳಚಿ ಶಾಸ್ತ್ರ ಮುಗಿಸಿ, ಮರಳುವ ದಾರಿಯಲ್ಲಿ ಗೂಬೆಯಾಗಿ ಬಂದ ಡ್ರಾಕುಲಾನಿಗೆ ಬಲಿಯಾಗುತ್ತಾಳೆ. ಮುಚ್ಚಿಡಲು ಏನೂ ಉಳಿಯದ ಮೇಲೆ ನಾಚಿಕೆಯೂ ಭಯವೂ ಒಂದೇ ಬಾಗಿಲಿನಿಂದ ಹೊರನಡೆಯುತ್ತವೆ.

ಕಾದಂಬರಿಯ ಕೌಂಟ್ ಸಮುದ್ರ ದಾಟಿ ಇಂಗ್ಲೆಂಡಿನ ವಿಟ್ಬಿ ಬಂದರಿಗಿಳಿದು ಲಂಡನ್ನಿಗೇ ಲಗ್ಗೆಯಿಡುವವನು. ಚಿತ್ರದ ಕೌಂಟ್, ಬಹುಶಃ ಬಂಡವಾಳದ ಹಿತದೃಷ್ಟಿಯಿಂದ, ಹಳ್ಳಿ ಬಿಟ್ಟು ಕದಲುವುದಿಲ್ಲ. ಅವನನ್ನು ಬೇಟೆಯಾಡಬೇಕಾದ ವಾನ್ ಹೆಲ್ಸಿಂಗ್, ಅಂದರೆ ನಟ ರುಟ್ಗರ್ ಹವರ್, ಚಿತ್ರ ಅರ್ಧಕ್ಕಿಂತ ಹೆಚ್ಚು ಮುಗಿದ ಮೇಲೆ ಬಿಡುವು ಮಾಡಿಕೊಂಡು ಬರುತ್ತಾರೆ.

ಇನ್ನುಳಿದಿರುವುದು ಅವತಾರದ ಪ್ರಶ್ನೆ. ಸ್ಟೋಕರ್ ತಮ್ಮ ಕೌಂಟನಿಗೆ ಬಾವಲಿ, ತೋಳ, ಮಂಜು ಮತ್ತು ಧೂಳಿನ ರೂಪಗಳನ್ನು ಕೊಟ್ಟು ಅಲ್ಲಿಗೆ ನಿಲ್ಲಿಸಿದ್ದರು. ಅರ್ಜೆಂಟೊ ಗೂಬೆ ಮತ್ತು ನೊಣಗಳ ಹಿಂಡಿನ ಬಳಿಕ, ಮುಂಗಾಲುಗಳನ್ನು ಕೈಮುಗಿದಂತೆ ಮಡಚಿಕೊಳ್ಳುವ ಪ್ರೇಯಿಂಗ್ ಮ್ಯಾಂಟಿಸ್ ಎಂಬ ಹಸಿರು ಕೀಟದ ರೂಪವನ್ನೂ, ಅದೂ ಆಳೆತ್ತರದಲ್ಲಿ, ದಯಪಾಲಿಸಿದ್ದಾರೆ. ಅಗ್ಗದ ಕಂಪ್ಯೂಟರ್ ಗ್ರಾಫಿಕ್ಸ್‌ನ ಹೊಳಪಿನೊಡನೆ ಮನೆಯೊಳಗೆ ಪ್ರತ್ಯಕ್ಷವಾಗುವ ಈ ಜೀವಿಯ ನೆರಳಿಗೂ ನೆಲಕ್ಕೂ ಮಾತುಕತೆಯಿದ್ದಂತಿಲ್ಲ. ಈ ಜಾತಿಯಲ್ಲಿ ಕೂಡಿದ ಗಂಡನ್ನೇ ತಿನ್ನುವುದು ಹೆಣ್ಣಾದ್ದರಿಂದ, ಗಂಡು ಕೌಂಟನಿಗೆ ಈ ರೂಪ ಯಾವ ಲಾಭಕ್ಕೆ ಎಂಬುದನ್ನು ಕೀಟಶಾಸ್ತ್ರಜ್ಞರೂ ಹೇಳಲಾರರು. ಆದರೂ ಇಡೀ ಚಿತ್ರದಲ್ಲಿ ಮುಂದೇನೆಂದು ಊಹಿಸಲಾಗದ ಕ್ಷಣ ಇದೊಂದೇ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಡ್ರಾಕುಲಾನ ಪರಿಚಯ ಬೇಕೆನ್ನುವವರು ಕಾದಂಬರಿಯ ಮೊದಲ ನಾಲ್ಕು ಅಧ್ಯಾಯಗಳನ್ನು ರಾತ್ರಿ ಒಬ್ಬರೇ ಕುಳಿತು ಓದುವುದು ಒಳಿತು. ಅರ್ಜೆಂಟೊ ಅವರ ಪರಿಚಯ ಬೇಕೆನ್ನುವವರಿಗೆ ‘ಸಸ್ಪೀರಿಯಾ’ ಇದೆ. ‘ಡ್ರಾಕುಲಾ ತ್ರೀಡಿ’ಯನ್ನು ನೋಡಲೇಬೇಕೆಂದು ಹಟ ಹಿಡಿದವರು ಕೀಟ ಬರುವವರೆಗೆ ಮುಂದೋಡಿಸಿ, ಅದನ್ನು ಕಂಡು, ನಿಲ್ಲಿಸಿದರೆ ಸಾಕು.