ಮೂರೇ ಬೋಲ್ಟು

(ಕ್ಯಾಲಿಫೋರ್ನಿಯಾದ ಫುಲರ್ಟನ್. ಅಳಿಯ ಗ್ಯಾರೇಜಿನಲ್ಲಿ ಕೂತು ಬೇಸ್ ಗಿಟಾರ್ ಒರೆಸುತ್ತಿದ್ದಾನೆ. ಊರಿಂದ ಬಂದು ಎಂಟು ದಿನವಾದ ಅತ್ತೆ ಖಾಲಿ ಡಬ್ಬಗಳ ಮೂಟೆ ಹೊತ್ತು ಬರುತ್ತಾರೆ.)

ಅತ್ತೆ: ಇದೇನಪ್ಪ, ಬುರುಡೆ ಇಲ್ಲದ ವೀಣೆ?

ಅಳಿಯ: ಫೆಂಡರ್ ಜಾಝ್ ಬೇಸ್ ಅತ್ತೆ. 1977ರದ್ದು. ಇದೇ ಊರಿನ ಕೂಸು.

ಅತ್ತೆ: (ಎತ್ತಿ ನೋಡಿ) ಕೂಸಲ್ಲ, ರುಬ್ಬುಗುಂಡು!

ಅಳಿಯ: ಆ್ಯಶ್ ಮರ, ಅದಕ್ಕೇ ಭಾರ. ಲಿಯೋ ಫೆಂಡರ್ 1960ರಲ್ಲಿ ತಂದ ಮಾದರಿ ಇದು. ಪಾಪ, ಅವನಿಗೆ ಗಿಟಾರ್ ನುಡಿಸೋಕೇ ಬರ್ತಿರಲಿಲ್ಲ.

ಅತ್ತೆ: ಬಾಣಲೆ ಮಾಡೋನಿಗೆ ಬೋಂಡ ಕರಿಯೋಕೆ ಬರಬೇಕಾ? ಆಮೇಲೆ?

ಅಳಿಯ: ಕಾಯಿಲೆ ಬಿದ್ದ. ಇನ್ನು ಉಳಿಯಲ್ಲ ಅಂತ 1965ರಲ್ಲಿ ಕಂಪನೀನ ಸಿಬಿಎಸ್‌ನವರಿಗೆ ಮಾರಿದ. 1.3 ಕೋಟಿ ಡಾಲರ್. ಆಮೇಲೆ ಡಾಕ್ಟರ್ ಬದಲಾಯಿಸಿದ, ವಾಸಿಯಾಯ್ತು.

ಅತ್ತೆ: ಡಾಕ್ಟರನ್ನ ಮೊದಲೇ ಬದಲಾಯಿಸಬಾರದಿತ್ತಾ! ಕೊಂಡವರೂ ವಾದ್ಯದವರೇನಾ?

ಅಳಿಯ: ರೇಡಿಯೋ, ಟಿವಿಯವರು. ಬಂದವರೇ ಕುತ್ತಿಗೆ ಅಂಚಿಗೆ ಪಟ್ಟಿ ಹಚ್ಚಿದ್ರು, ಚುಕ್ಕಿ ಇದ್ದ ಕಡೆ ಈ ಚೌಕ ಕೂರಿಸಿದ್ರು.

ಅತ್ತೆ: ಚುಕ್ಕಿ ಸೀರೆ ತೆಗೆದು ಅಂಚಿನ ಚೌಕಳಿ ಉಡಿಸಿದ್ರು ಅನ್ನು. ಚೆನ್ನಾಗೇ ಇದೆ.

ಅಳಿಯ: 70ರ ದಶಕದ ಆರಂಭದಲ್ಲಿ ಈ ಹಿಂದಿನ ಪಿಕಪ್ಪನ್ನ ಸುಮಾರು ಅರ್ಧ ಇಂಚು ಆಚೆ ಸರಿಸಿದ್ರು.

ಅತ್ತೆ: ಪಿಕಪ್ಪು ಅಂದ್ರೆ ತಂತಿಯ ದನಿ ಕೇಳೋ ಕಿವಿ ತಾನೆ? ಕುದುರೆ ಕಡೆಗೆ ಸರಿಸಿದ್ರಾ?

ಅಳಿಯ: ಹ್ಞೂಂ, ಬ್ರಿಜ್ ಕಡೆಗೆ.

ಅತ್ತೆ: ಹಾಗಾದ್ರೆ ನಾದ ಚೂಪಾಗಿರುತ್ತೆ. ನಲವತ್ತು ವರ್ಷ ವೀಣೆ ಮೀಟಿದೀನಿ, ನನಗೆ ಹೇಳಿಕೊಡ್ತೀಯಾ? ಕುದುರೆ ಹತ್ತಿರ ತಂತಿ ಕಡಿಮೆ ಓಲಾಡುತ್ತೆ, ಗುಂಯ್ ಹೋಗಿ ಕಿಣಿಕಿಣಿ ಉಳಿಯುತ್ತೆ. (ತಿರುಗಿಸಿ) ಕುತ್ತಿಗೆಗೆ ಮೂರೇ ಬೋಲ್ಟಾ?

ಅಳಿಯ: (ಮೆಲ್ಲಗೆ) ಮೊದಲು ನಾಲ್ಕಿತ್ತು. 75ರ ಹೊತ್ತಿಗೆ ಮೂರು ಮಾಡಿದ್ರು. ಆದ್ರೆ ಒಂದು ಸಣ್ಣ ಸ್ಕ್ರೂ ತಿರುಗಿಸಿದ್ರೆ ಸಾಕು, ಬಿಚ್ಚದೇನೇ ಕುತ್ತಿಗೆ ವಾಲಿಸಬಹುದು!

ಅತ್ತೆ: (ಅಲ್ಲಾಡಿಸಿ) ಸ್ಕ್ರೂ ಯಾಕೆ, ಕೈಯಲ್ಲೇ ವಾಲುತ್ತಲ್ಲ! ಎದುರಿಗೆ ಜರಿಯಂಚು, ಬೆನ್ನಿಗೆ ಬೋಲ್ಟು ಉಳಿತಾಯ.

ಅಳಿಯ: ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಹೆಸರಾಗಿದ್ದೂ 77ರ ಜಾಝ್ ಬೇಸಿನಿಂದಲೇ ಅತ್ತೆ!

ಅತ್ತೆ: ಅವನು ಮಂಚದ ಕಾಲು ಕೊಟ್ರೂ ನುಡಿಸ್ತಾನೆ. ಆ ಟಿವಿಯವರು ಏನಾದ್ರು?

ಅಳಿಯ: 1985ರಲ್ಲಿ ಕಂಪನಿಯ ನೌಕರರೇ ಸೇರಿ 1.25 ಕೋಟಿಗೆ ಬಿಡಿಸಿಕೊಂಡ್ರು. ಕಾರ್ಖಾನೆ ಸಿಗಲಿಲ್ಲ.

ಅತ್ತೆ: ಇಪ್ಪತ್ತು ವರ್ಷ ಬಾಳಿಸಿ, ಮನೆ ಇಟ್ಟುಕೊಂಡು ಹೆಸರು ವಾಪಸ್ ಕೊಟ್ರಾ! ಕೊಂಡವರಿಗೆ ಇದ್ದದ್ದನ್ನ ಇದ್ದ ಹಾಗೆ ಬಿಡೋಕೆ ಏನು ದಾಡಿ ಅಂತೀನಿ?

ಮಗಳು: (ಒಳಗಿಂದ) ಅಮ್ಮಾ! ಸಾಸಿವೆ ಡಬ್ಬಿ ಎಲ್ಲಿಟ್ಟೆ? ಹುಳಿಪುಡಿ? ನನ್ನ ಮಿಕ್ಸಿ?!

(ಅಳಿಯ ಡಬ್ಬಗಳ ಮೂಟೆ ನೋಡುತ್ತಾನೆ.)

ಅತ್ತೆ: ಅರ್ಧ ಇಂಚು ಆಚೆ ಸರಿಸಿದೀನಿ ಕಣೆ, ಕಣ್ಣು ಬಿಟ್ಟು ನೋಡು!